ನಾಲ್ಕು ತಾಲ್ಲೂಕು, ನಾಲ್ಕು ಕಂಪ್ಯೂಟರು

ನನ್ನ ಬಾಯಿ ಸ್ವಲ್ಪ ಜೋರು. ಚಿತ್ರದುರ್ಗದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದು ವಾಚ್‌ಮನ್‌ಗೂ ಗೊತ್ತು. ಇಪ್ಪತ್ತೊಂದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಹಿಂದಿನ ಬೆಂಚಿಗೂ ಕೇಳಲಿ ಅಂತ ಏರಿಸಿದ ದನಿ ಆಮೇಲೆ ಇಳಿಯಲೇ ಇಲ್ಲ. ಹಾಗಾಗಿ ಆ ಶನಿವಾರ ಬೆಳಿಗ್ಗೆ ನಾನು ಲ್ಯಾಬಿನಲ್ಲಿ ಮಾರುತೇಶನ ಮೇಲೆ ಹರಿಹಾಯ್ದದ್ದು ಕಾರಿಡಾರಿನ ಆ ತುದಿಗೂ ಕೇಳಿಸಿರಬೇಕು.

ಒಂದು ಕಂಪ್ಯೂಟರಿನಲ್ಲಿ ಬರುವ ಉತ್ತರ ನಾಲ್ಕು ಕಂಪ್ಯೂಟರಿನಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳಿದ್ದೆ. ಅವನು ಎಂದಿನಂತೆ, ನೋಡ್ತಿದೀನಿ ಮೇಡಂ, ಅಂದ. ಎಂಟು ದಿನದಿಂದ ಅದೇ ಮಾತು. ನೋಡಿ ನೋಡಿ ಕಣ್ಣು ಬೆಳ್ಳಗಾದವೇ ಹೊರತು ಉತ್ತರ ಬರಲಿಲ್ಲ ಅಂದೆ. ಅದಕ್ಕೂ ಅವನು, ಹೂಂ ಮೇಡಂ, ಅಂದು ಪರದೆಯ ಕಡೆ ತಿರುಗಿದ. ನನಗೆ ಅದೇ ಇನ್ನಷ್ಟು ಸಿಟ್ಟು ತರಿಸಿತು.

ಮಾರುತೇಶ ನಮ್ಮ ಪ್ರಾಜೆಕ್ಟಿನ ಸಹಾಯಕ. ವಯಸ್ಸು ಮೂವತ್ತನಾಲ್ಕು, ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆತನದವನು. ಪ್ರೋಗ್ರಾಂ ಬರೆಯುವುದರಲ್ಲಿ ನಮ್ಮ ಜಿಲ್ಲೆಯಲ್ಲಿ ಅವನ ಸಮ ಇನ್ನೊಬ್ಬನಿಲ್ಲ ಅಂತ ಹೋದ ವರ್ಷದವರೆಗೂ ನಾನೇ ಎಲ್ಲರ ಮುಂದೆ ಹೊಗಳಿಕೊಂಡು ತಿರುಗಿದ್ದೆ. ಈ ಕೆಲಸದ ಮೇಲೆಯೇ ಅವನು ಪಿಎಚ್‌ಡಿಗೆ ಅರ್ಜಿ ಹಾಕಿದ್ದ. ಪ್ರಾಜೆಕ್ಟಿನಿಂದ ಹೆಸರು ತೆಗೆದರೆ ಅರ್ಜಿಯೂ ಹೋಯಿತು, ಮೂರು ವರ್ಷದ ಕೆಲಸವೂ ಹೋಯಿತು.

ಹೆಸರು ತೆಗೆಯುವ ಕಾಗದ ನನ್ನ ಡ್ರಾಯರಿನಲ್ಲಿಯೇ ಇತ್ತು. ಶನಿವಾರ ನಾಲ್ಕು ಗಂಟೆಯೊಳಗೆ ಪ್ರೋಗ್ರಾಂ ಓಡಬೇಕು, ಇಲ್ಲವೇ ಯಾಕೆ ಓಡಲಿಲ್ಲ, ಯಾರ ತಪ್ಪು ಎಂದು ಬರೆದು ಕೊಡಬೇಕು ಎಂದು ವಿಭಾಗದ ಮುಖ್ಯಸ್ಥರಾದ ರಾಜಶೇಖರ್ ಸರ್ ಹೇಳಿದ್ದರು. ನಾನು ಶುಕ್ರವಾರ ಸಂಜೆಯೇ ಬರೆದು ಪ್ರಿಂಟ್ ತೆಗೆದಿದ್ದೆ. ‘ಮಾರುತೇಶ್ ಅವರು ಬರೆದ ಭಾಗದಲ್ಲಿ ದೋಷವಿದ್ದು, ಅದನ್ನು ಸರಿಪಡಿಸಲು ಅವರಿಗೆ ಸಾಧ್ಯವಾಗಿರುವುದಿಲ್ಲ’ ಅಂತ. ಸಹಿಯೊಂದು ಬಾಕಿ ಇತ್ತು.

ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕಿನ ನೆಲದಡಿಯ ನೀರು ಎಲ್ಲಿ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುವುದು. ನಮ್ಮ ವಿದ್ಯಾರ್ಥಿಗಳು ಊರೂರು ತಿರುಗಿ ಬಾವಿ, ಬೋರುಗಳನ್ನು ಅಳೆದು ತಂದರು. ಅವುಗಳ ನಡುವೆ ನಾವೇ ಇಟ್ಟುಕೊಂಡ ಲೆಕ್ಕದ ಚುಕ್ಕಿಗಳೂ ಸೇರಿ ಹನ್ನೊಂದು ಲಕ್ಷ ಜಾಗಗಳು. ಒಂದೊಂದು ಜಾಗಕ್ಕೂ ಒಂದೊಂದು ಸಮೀಕರಣ. ಹನ್ನೊಂದು ಲಕ್ಷ ಸಮೀಕರಣ ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಐಮಂಗಲದ ಬಾವಿಗೆ ಹೊಳಲ್ಕೆರೆ ಬಾವಿಯ ಸುದ್ದಿ ಬೇಕಿಲ್ಲ, ಪಕ್ಕದ ಹೊಲದ್ದು ಗೊತ್ತಾದರೆ ಸಾಕು. ಪ್ರತಿ ಸಾಲಿನಲ್ಲೂ ಆರೋ ಏಳೋ ಅಂಕಿ, ಮಿಕ್ಕದ್ದೆಲ್ಲ ಸೊನ್ನೆ. ಆ ಸೊನ್ನೆಗಳನ್ನು ಮುಟ್ಟದೆ ಲೆಕ್ಕ ಮುಗಿಸುವುದೇ ಈ ವಿದ್ಯೆಯ ಗುಟ್ಟು, ನನಗೆ ಇದರ ಹುಚ್ಚು ಹಿಡಿದದ್ದೂ ಅಲ್ಲಿಯೇ.

ಒಂದು ಕಂಪ್ಯೂಟರಿಗೆ ಹಾಕಿದರೆ ಒಂಬತ್ತು ತಾಸು. ನಾಲ್ಕಕ್ಕೆ ಹಂಚಿದರೆ ಎರಡೂವರೆ ತಾಸಿನಲ್ಲಿ ಮುಗಿಯಬೇಕು. ಇಲ್ಲಿ ನಾಲ್ಕರಲ್ಲಿ ಸರಿಯಾಗಿ ಓಡಿದರೆ ನೂರಾರು ಕಂಪ್ಯೂಟರುಗಳ ದೊಡ್ಡ ಯಂತ್ರದ ಮೇಲೆ ಇಡೀ ರಾಜ್ಯದ ನೀರನ್ನೇ ಲೆಕ್ಕ ಹಾಕಲು ಅವಕಾಶ ಕೊಡುತ್ತೇವೆ ಎಂದು ಹಣ ಕೊಟ್ಟವರು ಒಪ್ಪಿದ್ದರು. ಹಂಚುವುದು ಹೇಗೆ ಎಂದು ನಾನು ಮೊದಲ ದಿನ ಕೇಳಿದಾಗ ಮಾರುತೇಶ ತನ್ನ ಮನೆಯ ಕುರಿಗಳ ಕಥೆ ಹೇಳಿದ್ದ. ನಾಲ್ಕು ಮನೆಯವರು ನಾಲ್ಕು ಮಂದೆ ಹೊಡೆದುಕೊಂಡು ಹೋಗುತ್ತಾರೆ, ಅವರವರ ಮಂದೆ ಅವರವರದೇ. ಅಂಚಿನಲ್ಲಿ ಮಾತ್ರ ಕುರಿ ಬೆರೆಯುತ್ತವೆ. ಮಧ್ಯಾಹ್ನ ಒಂದು ಕಡೆ ನಿಂತು, ನಿಮ್ಮದು ನಮ್ಮಲ್ಲಿ ಇಷ್ಟು ಬಂದಿವೆ, ನಮ್ಮದು ನಿಮ್ಮಲ್ಲಿ ಎಷ್ಟಿವೆ ಎಂದು ಕೇಳಿ ಮುಂದೆ ನಡೆಯುತ್ತಾರೆ. ನಮ್ಮ ಪ್ರೋಗ್ರಾಮೂ ಹಾಗೆಯೇ. ಒಂದೊಂದು ಕಂಪ್ಯೂಟರು ತನ್ನ ತಾಲ್ಲೂಕಿನ ಲೆಕ್ಕ ಮಾಡಿ, ಗಡಿಯಲ್ಲಿರುವ ಬಾವಿಗಳ ಅಂಕಿಯನ್ನು ಮಾತ್ರ ಪಕ್ಕದ ಕಂಪ್ಯೂಟರಿಗೆ ಹೇಳುತ್ತದೆ, ಅದರಿಂದ ಕೇಳಿಕೊಳ್ಳುತ್ತದೆ, ಮತ್ತೆ ಲೆಕ್ಕ ಮಾಡುತ್ತದೆ. ಸುತ್ತು ಸುತ್ತಿಗೂ ವ್ಯತ್ಯಾಸ ಕಡಿಮೆಯಾಗುತ್ತ ಹೋಗಿ ಒಂದು ಹಂತದಲ್ಲಿ ಎಲ್ಲರ ಮಾತೂ ಒಂದಾಗಬೇಕು.

ಒಂದಾಗುತ್ತಿರಲಿಲ್ಲ. ನಲವತ್ತು ಸುತ್ತಿಗೆ ನಿಲ್ಲಬೇಕಾದದ್ದು ಸಾವಿರ ಸುತ್ತಾದರೂ ನಿಲ್ಲುತ್ತಿರಲಿಲ್ಲ.

ಆ ವಾರ ಮಾರುತೇಶ ಮೂರು ಸಲ ಒಂದೇ ಮಾತು ಕೇಳಿದ್ದ. ತಾಲ್ಲೂಕಿನ ಗಡಿ ಹಿಡಿದು ಹಂಚುವುದು ಬೇಡ, ಎಲ್ಲಿ ಬಾವಿ ಬಾವಿಯ ನಂಟು ಸಡಿಲವಾಗಿದೆಯೋ ಅಲ್ಲಿ ಗೆರೆ ಎಳೆಯೋಣ ಅಂತ. ನಾನು ಮೂರು ಸಲವೂ ಆಗಲ್ಲ ಎಂದೆ. ಅಂಕಿ ಅಂಶ ಬಂದದ್ದು ತಾಲ್ಲೂಕುವಾರು, ವರದಿ ಹೋಗುವುದು ತಾಲ್ಲೂಕುವಾರು, ನಾನು ತಾಳೆ ನೋಡುವುದೂ ತಾಲ್ಲೂಕುವಾರು. ನಿನ್ನ ಪ್ರೋಗ್ರಾಂ ಸರಿ ಇಲ್ಲ ಅಂತ ಸರ್ಕಾರದ ಗಡಿ ಬದಲಾಯಿಸಬೇಕೇನಪ್ಪ ಎಂದು ಅಣಕಿಸಿದೆ. ಯಾಕೆ ಕೇಳುತ್ತೀ ಎಂದು ಮಾತ್ರ ಕೇಳಲಿಲ್ಲ.

ಆ ಶನಿವಾರ ಬೈದು ಸುಸ್ತಾಗಿ ಕುರ್ಚಿಯಲ್ಲಿ ಕೂತಾಗ ಒಂದು ಯೋಚನೆ ಬಂತು. ಲೆಕ್ಕ ನಿಲ್ಲುತ್ತಿಲ್ಲ ಸರಿ, ಆದರೆ ಎಲ್ಲಿ ನಿಲ್ಲುತ್ತಿಲ್ಲ? ಹನ್ನೊಂದು ಲಕ್ಷ ಸಾಲಿನಲ್ಲಿ ಹಟ ಹಿಡಿದಿರುವ ಸಾಲು ಯಾವುದು? ಪ್ರತಿ ಸುತ್ತಿಗೂ ಹೆಚ್ಚು ವ್ಯತ್ಯಾಸ ಇರುವ ಸಾಲಿನ ನಂಬರನ್ನು ಪರದೆಯ ಮೇಲೆ ಬರುವ ಹಾಗೆ ಮಾಡು ಅಂದೆ. ಅವನು ಕೈ ಆಡಿಸಲಿಲ್ಲ.

“ಅದನ್ನ ನೋಡಿ ಏನ್ಮಾಡ್ತೀರಿ, ಬಿಡ್ರಿ ಮೇಡಂ,” ಅಂದ.

ಬಿಡು ಎಂದರೆ ಬಿಡುವ ಜಾತಿಯೇ ನಾನು? ಅವನನ್ನು ಎಬ್ಬಿಸಿ ನಾನೇ ಕೂತೆ. ಎರಡು ಸಾಲು ಸೇರಿಸುವುದಕ್ಕೆ ನನಗೆ ಅರ್ಧ ತಾಸು ಹಿಡಿಯಿತು, ಅದರಲ್ಲಿ ಮೂರು ತಪ್ಪು. ಅವನು ಹಿಂದೆಯೇ ನಿಂತಿದ್ದರೂ ಒಂದನ್ನೂ ತಿದ್ದಲಿಲ್ಲ. ಕೊನೆಗೂ ಓಡಿತು, ರಾತ್ರಿಯ ಲೆಕ್ಕ ನಿಂತಲ್ಲಿಂದ ಮುಂದಿನ ಅಂಕಿಗಳು ಒಂದರ ಕೆಳಗೊಂದು ಬರತೊಡಗಿದವು.

ಪ್ರತಿ ಸುತ್ತಿನಲ್ಲೂ ಅದೇ ಎರಡು ಸಾಲು. ಒಂದು ಹೊಳಲ್ಕೆರೆಯ ಕಂಪ್ಯೂಟರಿನದು, ಇನ್ನೊಂದು ಹೊಸದುರ್ಗದ್ದು. ಮೊದಲನೆಯದು ನೀರು ನಲವತ್ತೊಂದು ಅಡಿಯಲ್ಲಿದೆ ಎಂದರೆ ಎರಡನೆಯದು ಮೂವತ್ತಾರು ಅನ್ನುತ್ತಿತ್ತು. ಮುಂದಿನ ಸುತ್ತಿಗೆ ಮೊದಲನೆಯದು ಮೂವತ್ತಾರು, ಎರಡನೆಯದು ನಲವತ್ತೊಂದು. ಅದರ ಮುಂದಿನದಕ್ಕೆ ಮತ್ತೆ ಅದಲು ಬದಲು. ಹತ್ತು ಸುತ್ತು ನೋಡಿದೆ, ಹದಿನೈದು ನೋಡಿದೆ. ಕೂದಲೆಳೆಯಷ್ಟು ಹತ್ತಿರ ಬರುತ್ತಿದ್ದವು ಅಷ್ಟೇ. ಬೇರೆ ಎಲ್ಲ ಬಾವಿಗಳೂ ಮಾತು ಮುಗಿಸಿ ಸುಮ್ಮನಾಗಿದ್ದರೂ ಇವೆರಡು ಬಿಡುತ್ತಿರಲಿಲ್ಲ.

ಸತ್ಯ ಹೇಳುತ್ತೇನೆ, ನನಗೆ ಖುಷಿಯಾಗಿ ಹೋಯಿತು. ನಾಲ್ಕು ಗಂಟೆಯ ಗಡುವು, ಡ್ರಾಯರಿನ ಕಾಗದ, ಎಲ್ಲ ಮರೆತೆ. ಪೆನ್ನು ಹಿಡಿದು ಕೂತೆ. ಒಂದು ಬಾವಿ ಇನ್ನೊಂದರ ಅಂಕಿಯನ್ನು ಹಾಗೆ ಹಾಗೆಯೇ ತೆಗೆದುಕೊಳ್ಳುತ್ತಿದೆ ಎಂದರೆ ಅವೆರಡರ ನಂಟು ಬಹಳ ಬಿಗಿ ಇರಬೇಕು. ನಮ್ಮ ಲೆಕ್ಕದಲ್ಲಿ ದೂರ ಕಡಿಮೆಯಾದಷ್ಟೂ ನಂಟು ಬಿಗಿ. ‘ನೀನು ಎಷ್ಟೋ ನಾನೂ ಅಷ್ಟೇ’ ಎಂದು ಎರಡೂ ಹೇಳುತ್ತಿವೆ. ಆದರೆ ಎರಡೂ ಒಂದೇ ಹೊತ್ತಿಗೆ, ಇನ್ನೊಂದರ ಹಳೇ ಅಂಕಿ ನೋಡಿ ಹೇಳುತ್ತಿವೆ. ಅದಕ್ಕೇ ಅದಲು ಬದಲಾಗುತ್ತವೆ, ಕೂಡುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಇದ್ದಿದ್ದರೆ ಎರಡನ್ನೂ ಎದುರು ಬದುರು ಕೂರಿಸಿ ಒಟ್ಟಿಗೆ ಬಿಡಿಸಿ ನಡುವೆ ಒಂದು ಅಂಕಿಗೆ ತರುತ್ತಿತ್ತು. ಒಂದು ಕಂಪ್ಯೂಟರಿನಲ್ಲಿ ಉತ್ತರ ಬರುತ್ತಿದ್ದ ಗುಟ್ಟೂ ಅಲ್ಲಿಯೇ ಗೊತ್ತಾಯಿತು. ಅಂದ ಮೇಲೆ ಮಾರುತೇಶನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಆ ಎರಡು ಬಾವಿಗಳಲ್ಲಿ ಏನೋ ಇದೆ.

ಎರಡರ ನಡುವೆ ದೂರ ಎಷ್ಟು ಎಂದು ಕಂಪ್ಯೂಟರನ್ನು ಕೇಳಿದೆ. ಏಳು ಮೀಟರ್ ಎಂದು ಬಂತು. ಏಳು ಮೀಟರಿಗೆ ಎರಡು ಬಾವಿ ತೋಡುವ ಪುಣ್ಯಾತ್ಮರು ಯಾರಪ್ಪ ಎಂದು ನಗುತ್ತ ರಿಜಿಸ್ಟರ್ ತೆಗೆಯಲು ಎದ್ದೆ. ಕಂಪ್ಯೂಟರಿನಲ್ಲಿ ಬರೀ ನಂಬರು, ಬಾವಿ ಯಾರದು ಎಂದು ತಿಳಿಯಬೇಕಾದರೆ ರಿಜಿಸ್ಟರೇ ನೋಡಬೇಕು. ಮಾರುತೇಶ ಅಡ್ಡ ಬಂದು, ಮೇಡಂ, ಟೀ ಕುಡಿದು ಬರಾಣ ನಡ್ರಿ, ಅಂದ. ಮೂರು ವರ್ಷದಲ್ಲಿ ಅವನಾಗಿ ಟೀಗೆ ಕರೆದದ್ದು ಅದೇ ಮೊದಲು.

ಹೊಳಲ್ಕೆರೆಯ ರಿಜಿಸ್ಟರ್ ತೆಗೆದೆ. ಆ ನಂಬರಿನ ಎದುರು ನನ್ನದೇ ಅಕ್ಷರ. ‘ಚಿತ್ರಲಿಂಗಪ್ಪ, ತೆರೆದ ಬಾವಿ, ಕಲ್ಲು ಕಟ್ಟಡ, ರಾಮಗಿರಿ ಹತ್ತಿರ.’ ಚಿತ್ರಲಿಂಗಪ್ಪ ನಮ್ಮಪ್ಪ. ತೀರಿಕೊಂಡು ಆರು ವರ್ಷವಾದರೂ ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ನಮ್ಮ ಬಾವಿ ನಾನೇ ಅಳೆಯಬೇಕು ಅಂತ ಹಟ ಮಾಡಿ ಹೋಗಿ ಅಳೆದು ಬಂದಿದ್ದೆ.

ಆಮೇಲೆ ಹೊಸದುರ್ಗದ ರಿಜಿಸ್ಟರ್ ತೆಗೆದೆ. ‘ಚಿಕ್ಕತಿಮ್ಮಪ್ಪ, ತೆರೆದ ಬಾವಿ, ಕಲ್ಲು ಕಟ್ಟಡ.’ ಅಪ್ಪನ ಒಡಹುಟ್ಟಿದ ತಮ್ಮ. ನನ್ನ ಚಿಕ್ಕಪ್ಪ.

ನಮ್ಮ ಹೊಲ ಸರಿಯಾಗಿ ಎರಡು ತಾಲ್ಲೂಕಿನ ಗಡಿಯ ಮೇಲಿದೆ. ಪಾಲಾದಾಗ ಹೊಳಲ್ಕೆರೆ ಕಡೆಯದು ಅಪ್ಪನಿಗೆ, ಹೊಸದುರ್ಗದ ಕಡೆಯದು ಚಿಕ್ಕಪ್ಪನಿಗೆ ಬಂತು. ಬಾವಿ ನಡುವೆ ಉಳಿಯಿತು. ಅದನ್ನು ಸೀಳಲು ಬರುವುದಿಲ್ಲವಲ್ಲ, ಪಾಲುಪಟ್ಟಿಯಲ್ಲಿ ಪಾಳಿ ಎಂದು ಬರೆದರು. ನಾಲ್ಕು ದಿನ ಅವರ ಮೋಟರು, ನಾಲ್ಕು ದಿನ ನಮ್ಮ ಮೋಟರು. ಒಂದು ಬೇಸಿಗೆಯಲ್ಲಿ ಯಾರು ಯಾರ ಪಾಳಿಯಲ್ಲಿ ಮೋಟರು ಹಾಕಿದರು ಎಂದು ಜಗಳವಾಗಿ, ಅಣ್ಣ ತಮ್ಮ ಮಾತು ಬಿಟ್ಟರು. ಹತ್ತೊಂಬತ್ತು ವರ್ಷವಾಯಿತು. ಅಪ್ಪ ಸಾಯುವವರೆಗೂ ಅದನ್ನು ‘ನಮ್ಮ ಬಾವಿ’ ಅಂದರೇ ಹೊರತು ಪಾಲಿನ ಬಾವಿ ಅನ್ನಲಿಲ್ಲ. ಚಿಕ್ಕಪ್ಪನ ಮನೆಯವರ ಬಾಯಲ್ಲೂ ಅದು ‘ನಮ್ಮ ಬಾವಿ’ಯೇ. ನಮ್ಮ ಕಡೆಯ ಮೆಟ್ಟಿಲಿನಿಂದ ಅವರು ಇಳಿಯುವುದಿಲ್ಲ, ಅವರ ಕಡೆಯಿಂದ ನಾವು ಇಳಿಯುವುದಿಲ್ಲ. ಏಳು ಮೀಟರ್ ಎಂದರೆ ಬಾವಿಯ ಈ ದಡದಿಂದ ಆ ದಡಕ್ಕಿರುವ ಅಗಲ. ನಾನು ಅಳೆದದ್ದು ಸಂಜೆ, ಹೊಲ ನೋಡಿಕೊಳ್ಳುವ ನನ್ನ ತಮ್ಮ ಮೋಟರು ಹೊಡೆದು ನೀರು ಇಳಿದ ಮೇಲೆ, ನಲವತ್ತೊಂದು ಅಡಿ. ವಿದ್ಯಾರ್ಥಿಯೊಬ್ಬಳು ಚಿಕ್ಕಪ್ಪನ ಕಡೆಯಿಂದ ಅಳೆದದ್ದು ಬೆಳಿಗ್ಗೆ, ರಾತ್ರಿಯೆಲ್ಲ ಊಟೆಯಿಂದ ನೀರು ಒಸರಿ ಏರಿದ ಮೇಲೆ, ಮೂವತ್ತಾರು.

ರಿಜಿಸ್ಟರಿನ ಆ ಹಾಳೆಯಲ್ಲಿ ಒಂದು ಚೀಟಿ ಇತ್ತು. ಪೆನ್ಸಿಲಿನಲ್ಲಿ ಎರಡು ಸಾಲಿನ ನಂಬರು, ಕೆಳಗೆ ‘7 ಮೀ.’ ಎಂದು ಬರೆದಿತ್ತು. ಮಾರುತೇಶನ ಅಕ್ಷರ.

ತಿರುಗಿ ನೋಡಿದೆ. ಅವನು ಕಿಟಕಿ ಕಡೆ ಮುಖ ಮಾಡಿ ನಿಂತಿದ್ದ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಸೋಮವಾರ ಅಂದ. ಸೋಮವಾರದಿಂದ ಶನಿವಾರದವರೆಗೆ ನನ್ನಿಂದ ಬೈಸಿಕೊಂಡಿದ್ದಾನೆ ಮಹಾರಾಯ, ಗೊತ್ತಿದ್ದೂ.

“ಹೇಳೋಕೇನಾಗಿತ್ತಪ್ಪ ನಿಂಗೆ?” ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಾಗಿತ್ತು.

“ಹೆಂಗೆ ಹೇಳಾದು ಮೇಡಂ? ಅವತ್ತು ಹೆಸ್ರು ಓದಾಕೆ ಕುಂತಿದ್ವಲ್ಲ, ಆ ಹುಡುಗಿ ಚಿಕ್ಕತಿಮ್ಮಪ್ಪ ಅಂತ ಓದಿದ್ದೇ ತಡ ನೀವು ಎದ್ದು ಹೋದ್ರಿ. ನಿಮ್ಮ ಚಿಕ್ಕಪ್ಪ ಅಂತ ಆಮೇಲೆ ಗೊತ್ತಾತು. ಅವತ್ತಿಂದ ಇಲ್ಲಿ ಯಾರೂ ಆ ಹೆಸ್ರು ಎತ್ತಿಲ್ಲ. ಒಂದು ಮನೆ ಒಳಗಿನ ಮಾತು ಅದು, ನಾನು ಹೊರಗಿನೋನು ಬಾಯಿ ಹಾಕಿದ್ರೆ ಚೆಂದಿರಲ್ಲ. ಗೆರೆ ಒಂಚೂರು ಸರಿಸಿದ್ರೆ ಎರಡೂ ಒಂದೇ ಕಂಪ್ಯೂಟರಿಗೆ ಬೀಳ್ತಿದ್ವು. ಯಾರ ಹೆಸ್ರೂ ಎತ್ತಾದು ಬೇಕಿರಲಿಲ್ಲ.”

ಅವತ್ತಿನದು ನೆನಪಾಯಿತು. ಒಂದೇ ಬಾವಿ ಎರಡು ಸಲ ಬಂದಿದೆಯೇ ಎಂದು ನೋಡುವುದಕ್ಕೇ ನಾವು ಹೆಸರು ಓದುತ್ತಿದ್ದೆವು. ಒಬ್ಬರು ಓದುವುದು, ನಾನು ತಾಳೆ ನೋಡಿ ಗುರುತು ಹಾಕುವುದು. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಮೈ ಉರಿದು ಹೊರಗೆ ಹೋಗಿದ್ದೆ. ವಾಪಸ್ ಬಂದು ಮುಂದಿನ ಹಾಳೆಯಿಂದ ಶುರು ಮಾಡಿ, ‘ಎಲ್ಲ ಪರಿಶೀಲಿಸಲಾಗಿದೆ’ ಎಂದು ಸಹಿ ಹಾಕಿದ್ದೆ. ಮೂರು ವರ್ಷದಲ್ಲಿ ತಾಳೆ ನೋಡದೆ ಬಿಟ್ಟ ಹಾಳೆ ಅದೊಂದೇ.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಗೆರೆ ಸರಿಸೋಣ ಮೇಡಂ ಎಂದು ಮೂರು ಸಲ ಬಂದು ಕೇಳಿದವನನ್ನು ಅಣಕಿಸಿ ಕಳಿಸಿದ್ದು ಚುಚ್ಚಿತು. ಅವನು ಕೇಳಿದ್ದು ತನಗಾಗಿ ಅಲ್ಲ, ನನ್ನ ಮಾನ ಉಳಿಸಲಿಕ್ಕೆ. ಅದೂ ತನ್ನ ಮೂರು ವರ್ಷವನ್ನು ಕಳೆದುಕೊಳ್ಳುವ ಹೊತ್ತಿನಲ್ಲಿ.

“ಈಗ್ಲೂ ಗೆರೆ ಸರಿಸಬಹುದು ಮೇಡಂ. ಯಾರಿಗೂ ಗೊತ್ತಾಗಲ್ಲ,” ಅಂದ.

ಸುಳ್ಳೇನಲ್ಲ, ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ನನಗೂ ಆಸೆಯಾಯಿತು. ಆದರೆ ಆಗ ನಕಾಶೆಯಲ್ಲಿ ಎರಡು ಬಾವಿ ಉಳಿಯುತ್ತವೆ, ಇಲ್ಲದ ಬಾವಿಯೊಂದಕ್ಕೆ ನೀರಿನ ಲೆಕ್ಕ ಹೋಗುತ್ತದೆ. ಅದೂ ಅಲ್ಲದೆ ಎಂಟು ದಿನ ತಡವಾದದ್ದಕ್ಕೆ ಕಾರಣ ಬರೆಯಲೇಬೇಕು, ಆಗ ಮತ್ತೆ ಇವನ ಹೆಸರೇ ಬರುತ್ತದೆ. ಎರಡೂ ಸಾಲನ್ನು ಒಂದು ಮಾಡು ಅಂದೆ. ಅವನು ನನ್ನ ಮುಖ ನೋಡಿ, ಆಯ್ತು, ಅಂತ ಕೂತ. ನನಗೆ ಅರ್ಧ ತಾಸು ಹಿಡಿಯುತ್ತಿದ್ದ ಕೆಲಸ ಅವನಿಗೆ ಐದು ನಿಮಿಷ. ಹನ್ನೆರಡಕ್ಕೆ ಓಡಿಸಿದೆವು.

ಊಟಕ್ಕೆ ಹೋಗಲು ಮನಸ್ಸಾಗಲಿಲ್ಲ, ಇಬ್ಬರೂ ಅಲ್ಲಿಯೇ ಕೂತೆವು. ಹತ್ತನೇ ಸುತ್ತಿಗೆ ವ್ಯತ್ಯಾಸ ಅರ್ಧ ಅಡಿಗೆ ಇಳಿದಿತ್ತು, ಇಪ್ಪತ್ತಕ್ಕೆ ಒಂದು ಅಂಗುಲ. ಬೇರೆ ಎಲ್ಲಾದರೂ ಇಂಥದ್ದೇ ಇನ್ನೊಂದು ಜೋಡಿ ಇದ್ದರೆ ಎಂದು ನನಗೆ ಭಯ. ಇಲ್ಲ ಮೇಡಂ, ಎಲ್ಲಾ ಹುಡುಕೀನಿ, ಇದೊಂದೇ, ಅಂತ ಅವನು ಮೆಲ್ಲಗೆ ಹೇಳಿದ. ಮೂವತ್ತೇಳನೇ ಸುತ್ತಿಗೆ ನಾಲ್ಕೂ ಕಂಪ್ಯೂಟರು ಒಟ್ಟಿಗೆ ನಿಂತವು. ಗೋಡೆ ಗಡಿಯಾರದಲ್ಲಿ ಎರಡು ಇಪ್ಪತ್ತಾಗಿತ್ತು. ನಾನು ಹನ್ನೊಂದು ಲಕ್ಷ ಅಂಕಿ ಕೂಡಿದ್ದನ್ನು ನೋಡುತ್ತ ಕಣ್ಣೊರೆಸಿಕೊಂಡೆ. ಅವನು ನೋಡದವನ ಹಾಗೆ ಪ್ರಿಂಟರಿಗೆ ಹಾಳೆ ತುಂಬಲು ಹೋದ.

ಮೂರೂವರೆಗೇ ರಾಜಶೇಖರ್ ಸರ್ ಬಂದರು. ಫಲಿತಾಂಶ ನೋಡಿ ಮುಖ ಅರಳಿತು. ಆದರೂ ಎಂಟು ದಿನದ ತಡಕ್ಕೆ ಕಾರಣ ಬರೆದು ಕೊಡಬೇಕಲ್ಲ ಎಂದರು. ನಾನು ಡ್ರಾಯರಿನ ಕಾಗದ ತೆಗೆದು ಅವರೆದುರೇ ಹರಿದು ಬುಟ್ಟಿಗೆ ಹಾಕಿ, ಕೂತುಕೊಳ್ಳಿ ಸರ್ ಅಂದು, ಎಲ್ಲ ಹೇಳಿದೆ. ತಾಳೆ ನೋಡದ ಹಾಳೆ, ಹಾಕಿದ ಸಹಿ, ಕೇಳದ ಮಾತು, ಒಂದನ್ನೂ ಬಿಡಲಿಲ್ಲ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ವಿದ್ಯಾರ್ಥಿಗಳಿಂದಾದ ತಪ್ಪು ಎಂದು ಬರೆದರೆ ಯಾರೂ ಕೇಳುವುದಿಲ್ಲ, ನಿಮ್ಮ ಹೆಸರು ಬರೆದರೆ ದೊಡ್ಡ ಯಂತ್ರದ ಕೆಲಸಕ್ಕೆ ನಿಮ್ಮನ್ನು ಮುಖ್ಯಸ್ಥರನ್ನಾಗಿ ಇಟ್ಟುಕೊಳ್ಳುವುದು ಕಷ್ಟವಾಗಬಹುದು, ಯೋಚನೆ ಮಾಡಿ ಎಂದರು. ಹಾಗಾದರೆ ಅದನ್ನು ಮಾರುತೇಶನೇ ನಡೆಸಲಿ, ನಾನು ಅವನ ಕೈಕೆಳಗೆ ತಾಳೆ ನೋಡಿಕೊಂಡಿರುತ್ತೇನೆ ಅಂದೆ. ಬಾಯಿ ಜೋರು ಇದ್ದದ್ದಕ್ಕೆ ಅಂದಾದರೂ ಉಪಯೋಗವಾಯಿತು, ದನಿ ನಡುಗಿದ್ದು ಅವರಿಗೆ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಬರೆಯಲು ಕೂತೆ. ಕಂಪ್ಯೂಟರಿನಲ್ಲಿ ಬೇಡ ಅನ್ನಿಸಿ ಬಿಳಿ ಹಾಳೆ ತೆಗೆದುಕೊಂಡೆ. ತಪ್ಪು ನನ್ನದು ಎಂದು ಬರೆಯುವುದು ಸುಲಭವಾಗಿತ್ತು, ಅದು ಒಂದೇ ಗುಕ್ಕಿಗೆ ಆಯಿತು. ತಪ್ಪು ಏನು ಎಂದು ಬರೆಯುವಾಗ ಪೆನ್ನು ನಿಂತಿತು. ಅಪ್ಪನ ಹೆಸರು, ಚಿಕ್ಕಪ್ಪನ ಹೆಸರು ಒಂದೇ ಸಾಲಿನಲ್ಲಿ ಬರಬೇಕು, ನಡುವೆ ‘ಮತ್ತು’ ಇರಬೇಕು. ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಯಾರೂ ಹಾಗೆ ಬರೆದಿಲ್ಲ, ಹೇಳಿಲ್ಲ. ನನ್ನ ಮದುವೆ ಪತ್ರಿಕೆಯಲ್ಲಿ ಸಹ ಚಿಕ್ಕಪ್ಪನ ಹೆಸರನ್ನು ಅಪ್ಪ ಹೊಡೆದು ಹಾಕಿಸಿದ್ದರು. ಆಗ ನಾನೂ ಸರಿಯೇ ಎಂದಿದ್ದೆ.

ಬರೆದೆ. ಅಕ್ಷರ ವಾಲಿದವು, ಆದರೂ ಬರೆದೆ. ಸಹಿ ಹಾಕಿ, ಬಾವಿಯ ನಂಬರು ಸರಿ ಇದೆಯೇ ನೋಡು ಎಂದು ಮಾರುತೇಶನ ಕೈಗೆ ಕೊಟ್ಟೆ. ಅವನು ನಿಂತುಕೊಂಡೇ ಎರಡು ಸಲ ಓದಿದ.

“ನಂಬರು ಸರಿ ಐತೆ ಮೇಡಂ,” ಅಂದ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, “ಒಂದೇ ಬಾವಿ ಅಂತ ಎರಡು ಸಲ ಬರ್ದೀರಿ. ಒಂದು ಹೊಡ್ದು ಹಾಕ್ಲಾ?”

“ಬ್ಯಾಡ,” ಅಂದೆ. “ಎರಡೂ ಇರ್ಲಿ.”